ಲಗೇಜ್ ಟಿಕೆಟ್

ಮೊನ್ನೆ ಪ್ಯಾಂಟು ಒಗೆಯಲು ಹಾಕುವ ಮುಂಚೆ ಹೆಂಡತಿ ಜೇಬು ತಡಕಿದಳು. ಮುದುಡಿದ ಎರಡು ಲಗೇಜ್ ಟಿಕೆಟ್ ಸಿಕ್ಕವು. ನೋಡಿದ್ದೇ ನನ್ನ ಸಿಟ್ಟು ಮತ್ತೆ ಮೊದಲಿನಿಂದ ಶುರುವಾಯಿತು. ಒಂದು ಕಿಲೋ ಕೂಡ ತೂಗದ ಕೋಲಿಗೆ ಲಗೇಜ್ ಟಿಕೆಟ್ ಕೊಂಡವನು ನಾನು. ಅದೇ ಬಸ್ಸಿನಲ್ಲಿ ಯಾರದೋ ಒಂದು ಚೀಲ ತೊಗರಿಬೇಳೆ ಪುಕ್ಕಟೆ ಬಂತು.

ಎಳ್ಳ ಅಮಾವಾಸ್ಯೆ ಮುಗಿದ ಮೇಲಿನ ಭಾನುವಾರ ಅದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮನೆಯಲ್ಲಿ ಇನ್ನೂ ಒಂದು ಬುಟ್ಟಿ ಉಳಿದಿದ್ದವು. ಅವನ್ನು ಎಲ್ಲಾದರೂ ಕೂತು ಮುಗಿಸಬೇಕಿತ್ತು. ನನಗೆ ಒಂದು ಗುಡ್ಡ ಬೇಕಿತ್ತು. ಕಲಬುರಗಿಯವರು ಗುಡ್ಡ ಬೇಕೆಂದರೆ ಬಸ್ಸು ಹತ್ತಬೇಕು. ನಮ್ಮೂರಲ್ಲಿ ಏರುವುದು ಬಿಸಿಲು ಒಂದೇ. ಹೀಗಾಗಿ ಅವ್ವ, ಹೆಂಡತಿ, ಮಗ, ನಾನು, ನನ್ನ ಹ್ಯಾಮ್ ರೇಡಿಯೊ (ಹವ್ಯಾಸಕ್ಕೆ ದೂರದವರ ಜೊತೆ ಮಾತಾಡುವ ರೇಡಿಯೊ), ಬ್ಯಾಟರಿ, ಆಂಟೆನಾಕ್ಕೆ 20 ಮೀಟರ್ ವಯರು ಮತ್ತು ಆ ಕೋಲು ಯಾದಗಿರಿ ಬಸ್ಸು ಹತ್ತಿದೆವು.

ಕೋಲು ಮೀನು ಹಿಡಿಯುವವರದು. ಒಂದರೊಳಗೊಂದು ಸೇರುವಂಥದ್ದು. ಎಳೆದರೆ 6 ಮೀಟರ್ ಆಗುತ್ತದೆ. ಆಂಟೆನಾ ಎತ್ತಿ ಕಟ್ಟಲು ಇದಕ್ಕಿಂತ ಹಗುರವಾದದ್ದು ನನಗೆ ಸಿಕ್ಕಿಲ್ಲ. ಕಂಡಕ್ಟರ್ ಅದನ್ನು ಮೇಲಿಂದ ಕೆಳಗೆ ನೋಡಿದ.

"ಇದೇನ್ರಿ?"

ನಿಜ ಹೇಳಬಹುದಿತ್ತು. ಆದರೆ ನಿಜ ಹೇಳಲು ಅರ್ಧ ಗಂಟೆ ಬೇಕು. ಎಲ್ಲ ಕೇಳಿಸಿಕೊಂಡು ಕೊನೆಗೆ ಎಲ್ಲರೂ "ಯಾಕ್ರಿ, ಮೊಬೈಲ್ ಇಲ್ಲೇನು?" ಅನ್ನುತ್ತಾರೆ. ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಬೆಳಿಗ್ಗೆ ಎದ್ದು ಮೈದಾನ ಸುತ್ತುವವರನ್ನು "ಗಾಡಿ ಇಲ್ಲೇನ್ರಿ?" ಅಂತ ಯಾರಾದರೂ ಕೇಳುತ್ತಾರಾ? ಪರೀಕ್ಷೆ ಬರೆದು, ಲೈಸೆನ್ಸಿಗೆ ಕಾದು, ವಿಯು3 ಅಂತ ಶುರುವಾಗುವ ರೇಡಿಯೊ ಹೆಸರು ಪಡೆದವನಿಗೆ ಮಾತ್ರ ಈ ಮಾತು. ಅದಕ್ಕೇ ಸುಮ್ನೆ "ಮೀನು ಹಿಡಿಯೋದು" ಎಂದುಬಿಟ್ಟೆ.

ಮೀನು ಅಂದದ್ದೇ ತಡ, ಬಸ್ಸಿಗೆ ಬಸ್ಸೇ ಎಚ್ಚರವಾಯಿತು.

"ಎಲ್ಲಿ ಹಿಡೀತೀರಿ?"

"ಭೀಮಾದಾಗ."

"ಈಗ ಭೀಮಾದಾಗ ನೀರೆಲ್ಲಿ ಅದಾವ್ರಿ?" ಎಂದರು ಮುಂದಿನ ಸೀಟಿನವರು. "ಬ್ಯಾರೇಜ್ ಹತ್ರ ನಿಂತಿರ್ತಾವು" ಎಂದರು ಹಿಂದಿನವರು. ಪಟಕಾ ಸುತ್ತಿದ ಹಿರಿಯರೊಬ್ಬರು ಎದ್ದು ಬಂದು ಕೋಲು ಬಾಗಿಸಿ ನೋಡಿದರು. ಬಾಳೆ ಮೀನು ಬಿದ್ದರೆ ಇದು ಲಟಕ್ಕನೆ ಮುರಿಯುತ್ತದೆ ಎಂದು ತೀರ್ಪು ಕೊಟ್ಟರು. ಬಾಳೆ ಮೀನು ಎರೆಹುಳಕ್ಕೆ ಬೀಳುತ್ತದೋ ಕಪ್ಪೆಗೋ ಎಂದು ಇನ್ನಿಬ್ಬರಿಗೆ ಹತ್ತಿಕೊಂಡಿತು. ಶಹಾಬಾದ್ ಹೋಯಿತು. ವಾಡಿ ಬಂತು, ಸಿಮೆಂಟ್ ಲಾರಿಗಳ ಹಿಂದೆ ಬಸ್ಸು ನಿಂತಿತು, ಆಗಲೂ ಕಪ್ಪೆ ಮುಗಿದಿರಲಿಲ್ಲ. ಪ್ರತಿಯೊಬ್ಬರೂ ಮಾತಿನ ಕೊನೆಗೆ "ಹೌದಲ್ರಿ?" ಎಂದು ನನ್ನ ಕಡೆ ನೋಡುತ್ತಿದ್ದರು. ನಾನು ಎಲ್ಲರಿಗೂ ಹೌದು ಎಂದೆ. ನಮ್ಮ ಮನೆಯಲ್ಲಿ ಮೀನು ತಿನ್ನುವವರೇ ಇಲ್ಲ. ಅವ್ವ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು, ನಾವು ಯಾರೋ ಅವಳು ಯಾರೋ ಎಂಬಂತೆ.

ಇಷ್ಟೆಲ್ಲ ಆದ ಮೇಲೆ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟ. "ಮೀನ ಹಿಡಿದು ಮಾರ್ತೀರಿ. ಬಿಜಿನೆಸ್ ಆತಲ್ರಿ."

ಯಾದಗಿರಿಯಲ್ಲಿ ಗುಡ್ಡ ಊರೊಳಗೇ ಇದೆ, ಗುಡ್ಡದ ಮೇಲೆ ಕೋಟೆ. ಹತ್ತಿದ್ದರ ಬಗ್ಗೆ ಹೇಳುವಂಥದ್ದೇನಿಲ್ಲ. ಅವ್ವ ಬಾಗಿಲ ನೆರಳು ಸಿಕ್ಕಲ್ಲೇ ಕೂತಳು. ಕೋಟೆಗೆ ಮೊಳೆ ಹೊಡೆಯಬಾರದು, ಆದ್ದರಿಂದ ಕೋಲನ್ನು ಒಂದು ಬಂಡೆಗೆ ಆನಿಸಿ ಹಗ್ಗ ಸುತ್ತಿದೆ. ನಾನು ಹೀಗೆ ಜೋಪಾನ ಮಾಡುವಾಗ ಪಕ್ಕದ ಗೋಡೆಯ ತುಂಬ ಬಾಣ ಚುಚ್ಚಿದ ಹೃದಯಗಳು, ಕೆಳಗೆ ಜೋಡಿ ಹೆಸರುಗಳು. ಬರೆದವರ ಮದುವೆ ಆಗದಿರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ವಯರಿನ ಒಂದು ತುದಿಯ ದಾರ ಮಗನ ಕೈಯಲ್ಲಿ, ಇನ್ನೊಂದು ಹೆಂಡತಿ ಕೈಯಲ್ಲಿ.

"ಗುಡ್ಡ ಎತ್ತರ ಇದ್ದಷ್ಟೂ ಮಾತು ದೂರ ಹೋಗ್ತದೇನ್ರಿ?" ಎಂದಳು.

ಸುಳ್ಳು ಹೇಳಿ ಬೆಳಿಗ್ಗೆಯೇ ಅನುಭವಿಸಿದ್ದೆ. 7 ಮೆಗಾಹರ್ಟ್ಸ್‌ನಲ್ಲಿ ಅಲೆ ಮೇಲಕ್ಕೆ ಹೋಗಿ ಆಕಾಶದಿಂದ ತಿರುಗಿ ಬೀಳುತ್ತದೆ, ಅದಕ್ಕೆ ಗುಡ್ಡದ ಹಂಗು ಅಷ್ಟಿಲ್ಲ ಎಂದೆ.

"ಹಂಗಾದ್ರ ಮನಿ ಮಾಳಿಗಿ ಮ್ಯಾಲೇ ಕಟ್ಟಬಹುದಿತ್ತಲ್ಲ?"

ಇದಕ್ಕೂ ಉತ್ತರ ಇತ್ತು. ಮನೆಯಲ್ಲಿ ಎಲ್‌ಇಡಿ ಬಲ್ಬು, ಇನ್ವರ್ಟರು, ಪಕ್ಕದ ಮನೆಯವರ ಚಾರ್ಜರು ಎಲ್ಲ ಸೇರಿ ರೇಡಿಯೊದೊಳಗೆ ಗರ್ರ್ ಅನ್ನುತ್ತಿರುತ್ತವೆ. ಅದರಡಿ ಯಾರ ದನಿಯೂ ಕೇಳಲ್ಲ. ನಾನಿದನ್ನು ಹೇಳಿ ಮುಗಿಸುವಷ್ಟರಲ್ಲಿ ಅವಳು ದಾರ ಕಲ್ಲಿಗೆ ಕಟ್ಟಿ ರೊಟ್ಟಿ ಗಂಟು ಬಿಚ್ಚಿದ್ದಳು.

2002ರಲ್ಲಿ ಬ್ರಿಟನ್ನಿನಲ್ಲಿ ಒಂದು ಆಟ ಶುರುವಾಯಿತು, 'ಸಮಿಟ್ಸ್ ಆನ್ ದಿ ಏರ್' ಅಂತ. ಗುಡ್ಡದ ತುದಿಯಿಂದ ನಾಲ್ಕು ಸ್ಟೇಷನ್ ಜೊತೆ ಮಾತಾಡಿದರೆ ಪಾಯಿಂಟು. ಪಾಯಿಂಟು ನಮಗೆ ಬೇಡ, ನಾಲ್ಕರ ಲೆಕ್ಕ ಮಾತ್ರ ನಾನು ಇಟ್ಟುಕೊಂಡಿದ್ದೇನೆ. ಹೈದರಾಬಾದ್ ಬೇಗ ಸಿಕ್ಕಿತು. ಪುಣೆಯವರು 59 ಕೊಟ್ಟರು, ಅಂದರೆ ದನಿ ಜೋರಾಗಿ, ಸ್ಪಷ್ಟವಾಗಿ ಕೇಳುತ್ತಿದೆ ಅಂತ. ಮೂರನೆಯವರು ಬೆಂಗಳೂರು. "ಯಾದಗಿರಿನಾ? ಅದು ಆಂಧ್ರ ಅಲ್ವಾ ಸರ್?" ಎಂದರು. 2010ರಿಂದ ಜಿಲ್ಲೆ ಸ್ವಾಮಿ, ಕರ್ನಾಟಕದ ಜಿಲ್ಲೆ ಎಂದೆ. ದನಿ ಸ್ವಲ್ಪ ಏರಿತ್ತು. ರೊಟ್ಟಿ ಮುರಿಯುತ್ತಿದ್ದ ಮಗ ತಲೆಯೆತ್ತಿ ನೋಡಿದ.

ನಾಲ್ಕನೆಯದಕ್ಕೆ 'ಸಿಕ್ಯು, ಸಿಕ್ಯು', ಅಂದರೆ ಯಾರಾದರೂ ಇದ್ದೀರಾ, ಎಂದು ಕೂಗುತ್ತ ಕೂತೆ. ಕೆಳಗೆ ಊರ ಮಾಳಿಗೆಗಳು, ಆಚೆ ಭೀಮಾ. ಗುಡ್ಡದ ಮೇಲೆ ಕೂತವರಿಗೆ ಏನೋ ಹೊಳೆಯುತ್ತದೆ ಅಂತಾರೆ. ಕಿವಿಯಲ್ಲಿ ಗರ್ರ್ ಇಲ್ಲ, ಏನೋ ಹೊಳೆಯುವಂತೆಯೂ ಇತ್ತು. ಅಷ್ಟರಲ್ಲಿ ಹೆಗಲ ಮೇಲೆ ಸ್ಪೀಕರ್ ಹೊತ್ತ ಐದಾರು ಹುಡುಗರು ಹಾಡು ಹಚ್ಚಿಕೊಂಡು ಮೇಲೆ ಬಂದರು. ಒಬ್ಬ ಬಗ್ಗಿ ರೇಡಿಯೊ ನೋಡಿ ಕೇಳಿಯೇಬಿಟ್ಟ.

"ಅಂಕಲ್, ಮೊಬೈಲ್ ಇಲ್ಲೇನ್ರಿ?"

ವಯರು ಸುತ್ತಿದೆ.

ಸಂಜೆ ವಾಪಸ್ ಬಸ್ಸಿಗೆ ಅದೇ ಕಂಡಕ್ಟರ್. ದೂರದಿಂದಲೇ ಕೋಲು ಗುರುತು ಹಿಡಿದ. "ಎಷ್ಟ ಬಿದ್ದವ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು. "ಮೂರು. ನಾಲ್ಕನೇದು ತಪ್ಪಿಸ್ಕೊಂತು."

ಪಾಪ ಅನ್ನುವಂತೆ ತಲೆಯಾಡಿಸಿದ. ಲಗೇಜ್ ಟಿಕೆಟ್ ಮಾತ್ರ ಆಗಲೂ ಹರಿದ.