ಹಾಡದ ಮಗುವನ್ನು ಅದರ ಪಾಡಿಗೆ ಬಿಡಿ

ಬೆಳಗಿನ ಪ್ರಾರ್ಥನೆಗೆ ಎಲ್ಲರ ಜೊತೆ ಒಂದು ಮಗುವೂ ಸಾಲಿನಲ್ಲಿ ನಿಂತಿದೆ. ರಾಷ್ಟ್ರಗೀತೆ ಶುರುವಾದಾಗ ನೆಟ್ಟಗೆ ನಿಲ್ಲುತ್ತದೆ. ಗಲಾಟೆ ಮಾಡುವುದಿಲ್ಲ, ಪಕ್ಕದವನನ್ನು ಚಿವುಟುವುದೂ ಇಲ್ಲ. ಆದರೆ ಬಾಯಿ ಬಿಟ್ಟು ಹಾಡುವುದಿಲ್ಲ. ಈ ಮಗುವನ್ನು ಏನು ಮಾಡಬೇಕು? ಟಿ.ಸಿ. ಕೊಟ್ಟು ಕಳಿಸಿ ಅನ್ನುವವರೇ ಜಾಸ್ತಿ. ನನ್ನ ಉತ್ತರ: ಏನೂ ಮಾಡಬೇಡಿ.

ಇದು ಬರೀ ನನ್ನ ಅಭಿಪ್ರಾಯವಲ್ಲ. ಸುಪ್ರೀಂ ಕೋರ್ಟು 1986ರಲ್ಲೇ ಹೇಳಿದೆ. ಬಿಜೋ ಇಮ್ಯಾನ್ಯುಯೆಲ್ ಪ್ರಕರಣ ಅಂತ ಅದಕ್ಕೆ ಹೆಸರು. ಕಾನೂನು ಓದಿದವರಿಗೆಲ್ಲ ಗೊತ್ತು, ಶಾಲೆ ನಡೆಸುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ.

ಕೇರಳದ ಒಂದು ಶಾಲೆಯಲ್ಲಿ ಅಣ್ಣ, ಇಬ್ಬರು ತಂಗಿಯರು ಓದುತ್ತಿದ್ದರು. ಹತ್ತು, ಒಂಬತ್ತು ಮತ್ತು ಐದನೇ ತರಗತಿ. ಮನೆಯವರು ಯೆಹೋವನ ಸಾಕ್ಷಿಗಳು ಎಂಬ ಪಂಥದವರು. ದೇವರಿಗೆ ಪ್ರಾರ್ಥನೆ ಮಾಡುವಾಗ ಬಿಟ್ಟರೆ ಬೇರೆ ಇಂಥ ಯಾವ ಆಚರಣೆಯಲ್ಲೂ ಸೇರಬಾರದು ಎಂಬುದು ಅವರ ನಂಬಿಕೆ. ಹಾಗಾಗಿ ಯಾವ ದೇಶದ ರಾಷ್ಟ್ರಗೀತೆಯನ್ನೂ ಹಾಡುವುದಿಲ್ಲ. ಈ ಮಕ್ಕಳು ದಿನಾ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಅಷ್ಟೇ. ಅವರ ಅಕ್ಕಂದಿರೂ ಹಿಂದೆ ಹಾಗೇ ಮಾಡಿದ್ದರು. ಯಾರಿಗೂ ಅದು ಸಮಸ್ಯೆ ಅನ್ನಿಸಿರಲಿಲ್ಲ.

1985ರ ಜುಲೈನಲ್ಲಿ ಒಬ್ಬ ಶಾಸಕರ ಕಣ್ಣಿಗೆ ಇದು ಬಿತ್ತು. ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿದರು. ಆಯೋಗ ನೇಮಕವಾಯಿತು. ಮೂರು ಮಕ್ಕಳು ಹಾಡಲಿಲ್ಲ ಅಂತ ಒಂದು ಆಯೋಗ! ಮಕ್ಕಳು ಕಾನೂನು ಪಾಲಿಸುವವರು, ರಾಷ್ಟ್ರಗೀತೆಗೆ ಅಗೌರವ ತೋರಿಸಿಲ್ಲ ಅಂತಲೇ ಅದೂ ವರದಿ ಕೊಟ್ಟಿತು. ಆದರೂ ಶಿಕ್ಷಣ ಇಲಾಖೆಯ ಅಧಿಕಾರಿ ಹೇಳಿದರು ಅಂತ ಮುಖ್ಯೋಪಾಧ್ಯಾಯಿನಿ ಜುಲೈ 26ರಂದು ಮೂವರನ್ನೂ ಶಾಲೆಯಿಂದ ಹೊರಹಾಕಿದರು. ತಂದೆ ಹೋಗಿ ಕೇಳಿಕೊಂಡರೆ, ನನ್ನ ಕೈಯಲ್ಲಿ ಏನೂ ಇಲ್ಲ ಅಂದರು. ನಮ್ಮ ಕಚೇರಿಗಳಲ್ಲಿ ಎಷ್ಟು ಸಲ ಕೇಳಿದ ಮಾತು, ಅಲ್ವಾ?

ಕೇರಳ ಹೈಕೋರ್ಟು ಗೀತೆಯ ಒಂದೊಂದು ಪದವನ್ನೂ ನೋಡಿ, ಇದರಲ್ಲಿ ಯಾವ ಧರ್ಮಕ್ಕೂ ನೋವಾಗುವಂಥದ್ದು ಇಲ್ಲ ಅಂದು ಅರ್ಜಿ ತಳ್ಳಿಹಾಕಿತು. ನಮ್ಮಲ್ಲಿ ಬಹಳ ಜನ ವಾದ ಮಾಡುವುದೂ ಹೀಗೇ. 'ಜನ ಗಣ ಮನದಲ್ಲಿ ತಪ್ಪೇನಿದೆ ಹೇಳಿ?' ಏನೂ ತಪ್ಪಿಲ್ಲ. ನನಗಂತೂ ಹಾಡುವುದಕ್ಕೆ ಖುಷಿ. ಆದರೆ ಅದು ಇಲ್ಲಿ ಪ್ರಶ್ನೆಯೇ ಅಲ್ಲ. ಸುಪ್ರೀಂ ಕೋರ್ಟು ಹಿಡಿದದ್ದು ಈ ಎಳೆಯನ್ನೇ. ನ್ಯಾಯಾಧೀಶರಿಗೆ ಆ ನಂಬಿಕೆ ಸರಿ ಕಾಣುತ್ತದೋ ಇಲ್ಲವೋ ಬೇಡ, ಮಕ್ಕಳು ಅದನ್ನು ಪ್ರಾಮಾಣಿಕವಾಗಿ ನಂಬಿದ್ದಾರಾ ಅನ್ನುವುದನ್ನು ನೋಡಬೇಕು ಅಂದಿತು. ಎದ್ದು ನಿಂತರೆ ಗೌರವ ಕೊಟ್ಟಂತೆಯೇ, ಹಾಡದಿರುವುದು ಅಗೌರವವಲ್ಲ. ರಾಷ್ಟ್ರಗೌರವಕ್ಕೆ ಅವಮಾನವಾಗುವುದನ್ನು ತಡೆಯುವ 1971ರ ಕಾಯ್ದೆಯಲ್ಲೂ ಬೇರೆಯವರು ಹಾಡುವುದನ್ನು ಬೇಕೆಂದೇ ತಡೆಯುವುದು, ಸಭೆ ಕೆಡಿಸುವುದು ಅಪರಾಧ. ಸುಮ್ನೆ ನಿಲ್ಲುವುದಲ್ಲ. 1986ರ ಆಗಸ್ಟ್ 11ರಂದು ತೀರ್ಪು ಬಂತು, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದು ಆದೇಶವಾಯಿತು. ಅಷ್ಟರಲ್ಲಿ ಒಂದು ವರ್ಷ ದಾಟಿತ್ತು.

ಆ ತೀರ್ಪು ಬರೆದವರು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ. ಹೆಸರು ಕೇಳಿದ ಹಾಗಿದೆಯಾ? ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಮೂರನೇ ಆಯೋಗದ ಅಧ್ಯಕ್ಷರಾಗಿ 1990ರಲ್ಲಿ ವರದಿ ಕೊಟ್ಟವರು ಇವರೇ.

ತೀರ್ಪಿನಲ್ಲಿ ಇನ್ನೊಂದು ಮಾತಿದೆ, ನನಗೆ ಅದೇ ಮುಖ್ಯ. ಮೂಲಭೂತ ಹಕ್ಕನ್ನು ಇಲಾಖೆಯ ಸುತ್ತೋಲೆಯಿಂದ ಮೊಟಕು ಮಾಡಲಾಗದು, ಅದಕ್ಕೆ ಕಾನೂನೇ ಬೇಕು. ಕೇರಳದವರು ತೋರಿಸಿದ್ದು ಬರೀ ಸುತ್ತೋಲೆಗಳನ್ನು. ಶಾಲೆಗಳಲ್ಲಿ ನಡೆಯುವುದೆಲ್ಲ ಸುತ್ತೋಲೆಯ ಮೇಲೇ ಅನ್ನುವುದು ಮೇಷ್ಟ್ರುಗಳಿಗೆ ಗೊತ್ತಿರುವ ವಿಷಯ. 2022ರ ಆಗಸ್ಟ್‌ನಲ್ಲಿ ನಮ್ಮಲ್ಲೂ ದಿನಾ ರಾಷ್ಟ್ರಗೀತೆ ಕಡ್ಡಾಯ ಅಂತ ಆದೇಶ ಬಂತು. ಶಾಲೆ ಹಾಡಿಸಲಿ, ಬೇಡ ಅನ್ನುವುದಿಲ್ಲ. ಒಲ್ಲದ ಮಗುವಿನ ಬಾಯಿಂದ ಹಾಡಿಸಬಹುದು ಅಂತ ಮಾತ್ರ ಅದನ್ನು ಓದಿಕೊಳ್ಳಬೇಡಿ.

ಮಕ್ಕಳಿಗೆ ಇದೆಲ್ಲ ಏನು ತಿಳಿಯುತ್ತದೆ, ಶಿಸ್ತು ಬೇಡವಾ ಅನ್ನುತ್ತಾರೆ. ದೊಡ್ಡವರ ವಿಷಯ ನೋಡಿ. ಚಿತ್ರಮಂದಿರದಲ್ಲಿ ರಾಷ್ಟ್ರಗೀತೆ ಹಾಕುವುದು ಕಡ್ಡಾಯವಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ತನ್ನ ಹಿಂದಿನ ಆದೇಶ ಬದಲಿಸಿತು. ದೊಡ್ಡವರು ಬೇಡ ಅಂದರೆ ಆ ಜಾಗಕ್ಕೆ ಹೋಗದೆ ಇರಬಹುದು. ಮಗು ಎಲ್ಲಿಗೆ ಹೋಗುತ್ತದೆ? ಹಾಜರಿ, ಅಂಕ, ಟಿ.ಸಿ. ಎಲ್ಲವೂ ಶಾಲೆಯ ಕೈಯಲ್ಲಿ. ಹಾಗಾಗಿ ಹಕ್ಕು ಜಾಸ್ತಿ ಬೇಕಾಗಿರುವುದು ಮಗುವಿಗೇ. ಅಮೆರಿಕದ ಸುಪ್ರೀಂ ಕೋರ್ಟು 1940ರಲ್ಲಿ ಧ್ವಜವಂದನೆ ಮಾಡದ ಇದೇ ಪಂಥದ ಮಕ್ಕಳ ವಿರುದ್ಧ ತೀರ್ಪು ಕೊಟ್ಟಿತು. ಆಮೇಲೆ ಆ ಪಂಥದವರ ಮೇಲೆ ಗುಂಪು ದಾಳಿಗಳಾದವು. 1943ರಲ್ಲಿ, ಮಹಾಯುದ್ಧ ನಡೆಯುತ್ತಿದ್ದಾಗಲೇ, ಅದೇ ಕೋರ್ಟು ಧ್ವಜವಂದನೆಗೆ ಬಲವಂತ ಮಾಡಬಾರದು ಅಂತ ತಿರುಗಿ ಹೇಳಿತು.

ಈಗ ನನಗೇ ಕಷ್ಟವಾಗುವ ಪ್ರಶ್ನೆ. 2023ರಲ್ಲಿ ನಮ್ಮ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕು ಅಂತ ಸರ್ಕಾರ ಹೇಳಿದಾಗ ನನಗೆ ಸಂತೋಷವಾಯಿತು. ಅದನ್ನು ಓದಲ್ಲ ಅನ್ನುವ ಮಗುವೂ ಒಂದು ದಿನ ಬರಬಹುದು. ಮನೆಯಲ್ಲಿ ಹೇಳಿಕೊಟ್ಟದ್ದನ್ನೇ ಅದು ಹೇಳುತ್ತಿರಬಹುದು, ನನಗೆ ಸಿಟ್ಟೂ ಬರಬಹುದು. ಆ ಮಗುವಿಗೂ ಸುಮ್ಮನೆ ನಿಲ್ಲಲು ಬಿಡಬೇಕು ಅಂತಲೇ ನಾನು ಹೇಳುವುದು. ವಿಚಾರ, ವಿಶ್ವಾಸದ ಸ್ವಾತಂತ್ರ್ಯ ಅಂತ ಆ ಪೀಠಿಕೆಯಲ್ಲೇ ಇದೆಯಲ್ಲ.

ಇಲ್ಲಿ ಮೇಷ್ಟ್ರುಗಳು, ಟೀಚರುಗಳು ಸುಮಾರು ಜನ ಇದ್ದೀರಿ. ನಿಮ್ಮ ಶಾಲೆಯಲ್ಲಿ ಹೀಗೆ ಹಾಡದೆ ನಿಂತ ಮಗು ಇತ್ತಾ? ಆಗ ಏನು ಮಾಡಿದಿರಿ? ಮಗುವಿನ ಹೆಸರು, ಊರು ಬರೆಯಬೇಡಿ, ನಡೆದದ್ದನ್ನಷ್ಟೇ ಹೇಳಿ.