ಸೌಂಡ್ ಬಾಕ್ಸ್ ಕೂಗಿದ್ದು ಇಲಾಖೆಗೂ ಕೇಳಿಸಿತ್ತು

2023ರ ಆಗಸ್ಟ್. ಜಿ20 ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಜರ್ಮನಿಯ ಡಿಜಿಟಲ್ ಸಚಿವ ಫೋಲ್ಕರ್ ವಿಸ್ಸಿಂಗ್ ತರಕಾರಿ ಅಂಗಡಿಯೊಂದರ ಮುಂದೆ ನಿಂತರು, ಮೆಣಸಿನಕಾಯಿ ಕೊಂಡರು, ಮೊಬೈಲ್ ತೆಗೆದು ಯುಪಿಐನಲ್ಲಿ ದುಡ್ಡು ಕೊಟ್ಟರು. ಜರ್ಮನ್ ರಾಯಭಾರ ಕಚೇರಿ ಆ ವಿಡಿಯೊ ಹಾಕಿ ನಮ್ಮ ಡಿಜಿಟಲ್ ವ್ಯವಸ್ಥೆಯನ್ನು ಹೊಗಳಿತು. ನಮಗೆಲ್ಲ ಎದೆ ಉಬ್ಬಿತು, ಸಿಕ್ಕಸಿಕ್ಕ ಗ್ರೂಪಿಗೆಲ್ಲ ಫಾರ್ವರ್ಡ್ ಮಾಡಿದೆವು. ಸಾಹೇಬರ ಮೆಣಸಿನಕಾಯಿ ಕಾಸು 2023-24ನೇ ಸಾಲಿನ ವಹಿವಾಟಿನ ಲೆಕ್ಕಕ್ಕೂ ಸೇರಿಕೊಳ್ಳುತ್ತದೆ ಅನ್ನೋದು ಆಗ ಯಾರ ತಲೆಗೂ ಹೊಳೆದಿರಲಿಲ್ಲ.

ಹೊಳೆದದ್ದು 2025ರ ಜುಲೈನಲ್ಲಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಕಂಪನಿಗಳಿಂದ ಲೆಕ್ಕ ತರಿಸಿಕೊಂಡು 2021-22ರಿಂದ 2024-25ರವರೆಗೆ ಯಾರ ಖಾತೆಗೆ ಎಷ್ಟು ಬಂತು ಅಂತ ಕೂಡಿ ನೋಡಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ, ಈ ಗೆರೆ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ದಾಟಿದವರಿಗೆ ನೋಟಿಸ್ ಹೊರಟಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ಬೀಡಾ ಅಂಗಡಿ, ತರಕಾರಿ ಗಾಡಿ, ಯಾರನ್ನೂ ಬಿಡಲಿಲ್ಲ.

ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ನೋಟಿಸ್ ಊರಿಗೆಲ್ಲ ಸುದ್ದಿಯಾಯಿತು. ನಾಲ್ಕು ವರ್ಷಕ್ಕೆ 1.63 ಕೋಟಿ ವಹಿವಾಟು, ಕಟ್ಟಬೇಕಾದದ್ದು 29 ಲಕ್ಷ. ಸುಮ್ನೆ ಕುತೂಹಲಕ್ಕೆ 1.63 ಕೋಟಿಗೆ ಶೇ 18 ಹಾಕಿ ನೋಡಿ, 29.34 ಲಕ್ಷ ಬರುತ್ತದೆ. ಬಂದ ದುಡ್ಡೆಲ್ಲ ಕೂಡು, ಹದಿನೆಂಟರಿಂದ ಗುಣಿಸು, ನೂರರಿಂದ ಭಾಗಿಸು. ಇಷ್ಟಕ್ಕೆ ಡೇಟಾ ಅನಾಲಿಟಿಕ್ಸ್ ಎಂಬ ದೊಡ್ಡ ಹೆಸರು. ನಮ್ಮೂರ ಶೆಟ್ಟರ ಅಂಗಡಿಯ ಹಳೇ ಕ್ಯಾಲ್ಕುಲೇಟರ್ ಇದನ್ನು ಸೋಲಾರ್ ಬೆಳಕಿನಲ್ಲೇ ಮಾಡಿಬಿಡುತ್ತಿತ್ತು. ಇನ್ನು ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ, ಬರೀ ತರಕಾರಿ ಮಾರುವವರು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ ಅನ್ನೋದು ಕಾನೂನಿನಲ್ಲೇ ಇದೆ. ಆದರೆ ಬಂದ ಹತ್ತು ರೂಪಾಯಿ ಕ್ಯಾರೆಟ್ಟಿಗೋ ಕೇಕಿಗೋ ಎಂದು ಯುಪಿಐ ಹೇಳೋದಿಲ್ಲ, ಅಲ್ವಾ? ಭಾಮೈದ ವಾಪಸ್ ಕೊಟ್ಟ ಕೈಸಾಲ, ಚೀಟಿ ಎತ್ತಿದ ದುಡ್ಡು, ಮಗಳ ಫೀಸಿಗೆ ಅಂತ ಊರಿಂದ ಅಪ್ಪ ಹಾಕಿದ್ದು, ಎಲ್ಲವೂ ನಮ್ಮ ಖಾತೆಗೇ ಬಂದದ್ದು, ಅದನ್ನೂ ವ್ಯಾಪಾರ ಅಂದರೆ ಹೇಗೆ ಎಂದು ವ್ಯಾಪಾರಿಗಳು ಕೇಳಿದರು. ಯಂತ್ರಕ್ಕೆ ಸಂಬಂಧಗಳು ಗೊತ್ತಿಲ್ಲ. ಭಾಮೈದನೂ ಅದಕ್ಕೆ ಗಿರಾಕಿಯೇ.

ಗಲಾಟೆ ಜೋರಾದ ಮೇಲೆ ಇಲಾಖೆ ಸಮಾಧಾನ ಹೇಳಿತು. ಇದು ಬರೀ ನೋಟಿಸ್, ಕೊನೇ ಆದೇಶ ಅಲ್ಲ, ದಾಖಲೆ ತಂದು ಉತ್ತರ ಕೊಟ್ಟರೆ ಆಯಿತು ಅಂತ. ಹೌದು ಸ್ವಾಮಿ, ಬೆಳಗಿನ ಜಾವ ಎದ್ದು ಮಾರ್ಕೆಟ್ಟಿಗೆ ಹೋಗಿ ರಾತ್ರಿ ಗಾಡಿ ಮುಚ್ಚುವ ಮನುಷ್ಯ, 2021ರಲ್ಲಿ ಯಾರಿಗೆ ಎಷ್ಟು ಸೊಪ್ಪು ಮಾರಿದೆ ಅನ್ನೋ ದಾಖಲೆ ತಂದು ನಿಮ್ಮ ಮೇಜಿನ ಮೇಲೆ ಇಡುತ್ತಾನೆ.

ಈಗ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನ್ಯಾಯವಲ್ಲ. ವರ್ಷಕ್ಕೆ ಕೋಟಿಗಟ್ಟಲೆ ವಹಿವಾಟು ಮಾಡಿ ‘ನಾನು ಬಡ ಬೇಕರಿಯವನು’ ಎಂದು ಬೋರ್ಡ್ ಹಾಕಿಕೊಂಡವರೂ ಈ ಗುಂಪಿನಲ್ಲಿ ಇದ್ದಿರಬಹುದು. ಅವರು ತೆರಿಗೆ ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ನಾಲ್ಕು ವರ್ಷದ ಬಗ್ಗೆ. ರಾಜಿ ತೆರಿಗೆ ಅಂತ ಒಂದು ಪದ್ಧತಿ ಇದೆ. ಒಂದೂವರೆ ಕೋಟಿವರೆಗೆ ವಹಿವಾಟು ಇರುವ ಅಂಗಡಿಯವರು ಅದಕ್ಕೆ ಸೇರಿದರೆ ಶೇ 1 ಕಟ್ಟಿ ಕೈತೊಳೆದುಕೊಳ್ಳಬಹುದು. ಆದರೆ ಮೊದಲೇ ಸೇರಬೇಕು, ಹಿಂದಿನ ವರ್ಷಗಳಿಗೆ ಅನ್ವಯ ಆಗೋದಿಲ್ಲ. ವರ್ಷಕ್ಕೆ 50 ಲಕ್ಷದ ಅಂಗಡಿ ಎಂದುಕೊಳ್ಳಿ. ಮೊದಲ ವರ್ಷವೇ ‘ಅಣ್ಣಾ, ಗೆರೆ ದಾಟುತ್ತಿದ್ದೀರಿ, ನೋಂದಣಿ ಮಾಡಿಸಿ’ ಎಂದು ಒಂದು ಮೆಸೇಜ್ ಬಂದಿದ್ದರೆ ವರ್ಷಕ್ಕೆ 50 ಸಾವಿರದಲ್ಲಿ ಮುಗಿಯುತ್ತಿತ್ತು. ನಾಲ್ಕು ವರ್ಷ ಸುಮ್ಮನಿದ್ದು ಶೇ 18 ಹಾಕಿದರೆ ವರ್ಷಕ್ಕೆ 9 ಲಕ್ಷ, ಮೇಲೆ ಬಡ್ಡಿ, ದಂಡ. ನನ್ನ ಫೋನಿಗೆ ದಿನಕ್ಕೆ ಇಷ್ಟೊಂದು ಸಾಲದ ಮೆಸೇಜ್ ಬರುತ್ತದೆ, ಕ್ರಿಕೆಟ್ ಆ್ಯಪಿನ ಮೆಸೇಜ್ ಬರುತ್ತದೆ, ಹುಟ್ಟುಹಬ್ಬಕ್ಕೆ ಎಲ್ಲಕ್ಕಿಂತ ಮೊದಲು ಹಾರೈಸೋದು ಬ್ಯಾಂಕು. ಈ ಒಂದು ಮೆಸೇಜ್ ಮಾತ್ರ ನಾಲ್ಕು ವರ್ಷ ತೆಗೆದುಕೊಂಡಿತು. ದುಡ್ಡು ಖಾತೆಗೆ ಬೀಳೋಕೆ ಎರಡು ಸೆಕೆಂಡ್ ಸಾಕಾದ ದೇಶದಲ್ಲಿ!

ಅಂಗಡಿಯವರು ಇದಕ್ಕೆ ಕೊಟ್ಟ ಉತ್ತರ ಒಂದು ರಟ್ಟಿನ ತುಂಡು, ಒಂದು ಮಾರ್ಕರ್ ಪೆನ್ನು. ‘ನೋ ಫೋನ್‌ಪೇ, ನೋ ಗೂಗಲ್ ಪೇ, ಓನ್ಲಿ ಕ್ಯಾಶ್.’ ಫೋನ್‌ಪೇ ಕಂಪನಿಯ ಮುಖ್ಯ ಕಚೇರಿ ಇರೋದು ಇದೇ ಬೆಂಗಳೂರಿನಲ್ಲಿ. ಕೃತಕ ಬುದ್ಧಿಮತ್ತೆಯ ರಾಜಧಾನಿ ಮಾಡುತ್ತೇವೆ ಅಂತ ಎಲ್ಲ ಪಕ್ಷದವರೂ ಭಾಷಣ ಮಾಡೋದು ಈ ಊರನ್ನೇ. ಇಲ್ಲಿ ಒಂದು ವಾರ, ಮೂರು ಫೋನು, ಎರಡು ಲ್ಯಾಪ್‌ಟಾಪ್, ಕೈಗೊಂದು ಸ್ಮಾರ್ಟ್ ವಾಚು ಇರುವ ಜನ ಹದಿನೈದು ರೂಪಾಯಿ ಟೀ ಕುಡಿಯೋಕೆ ಚಿಲ್ಲರೆ ಇಲ್ಲದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಅಂಗಡಿಯವರ ಹತ್ತಿರವೂ ಚಿಲ್ಲರೆ ಇಲ್ಲ. ಚಿಲ್ಲರೆಗೆ ಬದಲು ಚಾಕೊಲೇಟ್ ಕೊಡುವ ಹಳೇ ಕರೆನ್ಸಿ ಮತ್ತೆ ಚಲಾವಣೆಗೆ ಬಂತು. ಅದಕ್ಕೂ ಜಿಎಸ್‌ಟಿ ಇದೆ, ನೆನಪಿರಲಿ. ಮಜಾ ಏನೆಂದರೆ, ಕ್ಯಾಶ್ ತೆಗೆದುಕೊಂಡರೂ ಅದು ವಹಿವಾಟೇ, ತೆರಿಗೆ ತಪ್ಪೋದಿಲ್ಲ ಎಂದು ಇಲಾಖೆ ಎಚ್ಚರಿಸಿತು. ಮಾತು ಸರಿಯೇ. ಆದರೆ ಕ್ಯಾಶ್ ಕೂಗೋದಿಲ್ಲ. ದುಡ್ಡು ಬಂದಾಗಲೆಲ್ಲ ಸೌಂಡ್ ಬಾಕ್ಸ್ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು, ಪಾಪ, ಅದು ಯಾರ ಕಡೆಯದು ಅಂತ ಅಂಗಡಿಯವರಿಗೆ ತಡವಾಗಿ ಗೊತ್ತಾಯಿತು.

ಇನ್ನು ಅಭಿಪ್ರಾಯಗಳು. ಅಬ್ಬಬ್ಬಾ. ಸಂಬಳದಾರರ ಸಂಘ (ಇಂಥದ್ದೊಂದು ಸಂಘ ಇಲ್ಲ, ಆದರೆ ಎಲ್ಲರೂ ಸದಸ್ಯರೇ) ತಕ್ಷಣ ಎದ್ದು ನಿಂತಿತು: ‘ನಮ್ಮ ಸಂಬಳ ಕೈಗೆ ಬರುವ ಮೊದಲೇ ಟಿಡಿಎಸ್ ಕಟ್ ಆಗುತ್ತೆ, ಪಾನಿಪುರಿಯವನು ನಮಗಿಂತ ಜಾಸ್ತಿ ದುಡೀತಾನೆ, ಅವನು ಯಾಕೆ ಕಟ್ಟಬಾರದು?’ ಹೀಗೆ ಬರೆದವರಲ್ಲಿ ಎಷ್ಟೋ ಮಂದಿ ಮಾರ್ಚ್ ತಿಂಗಳಲ್ಲಿ ಮಾವನ ಹೆಸರಿನಲ್ಲಿ ಬಾಡಿಗೆ ರಸೀದಿ ಹುಟ್ಟಿಸುವ ಕಲಾವಿದರು. ವಹಿವಾಟು ಬೇರೆ, ಲಾಭ ಬೇರೆ ಎಂದು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ಐವತ್ತು ಲಕ್ಷದ ಹಾಲು, ಬ್ರೆಡ್ಡು, ಬಿಸ್ಕತ್ತು ಮಾರಿದವನ ಮನೆಗೆ ಐವತ್ತು ಲಕ್ಷ ಹೋಗೋದಿಲ್ಲ ಮಾರಾಯ್ರೇ, ಹಾಲಿನ ಪ್ಯಾಕೆಟ್ಟಿನಲ್ಲಿ ಅವನಿಗೆ ಸಿಗೋದು ಬಿಡಿಗಾಸು ಕಮಿಷನ್. ಅದೇ ಜನ, ವರ್ಷ ವರ್ಷ ನಷ್ಟ ತೋರಿಸುವ ಹತ್ತು ನಿಮಿಷದ ಡೆಲಿವರಿ ಕಂಪನಿಗಳ ವಿಷಯ ಬಂದರೆ ‘ವ್ಯಾಲ್ಯುಯೇಶನ್ ನೋಡಿ ಗುರು’ ಅನ್ನುತ್ತಾರೆ. ಅಲ್ಲಿ ಲಾಭ ಇಲ್ಲದಿದ್ದರೂ ದೊಡ್ಡವರು, ಇಲ್ಲಿ ಲಾಭ ಇದ್ದರೆ ಕಳ್ಳರು.

ರಾಜಕೀಯದವರ ಮಾತಿಗೆ ಬಂದರೆ ಬರೆಯುವವನಿಗೆ ಹಬ್ಬ. ನೋಟು ರದ್ದಾದ ಮೇಲೆ ಸಂಸತ್ತಿನಲ್ಲಿ ಕಾಂಗ್ರೆಸ್‌ನ ಪಿ. ಚಿದಂಬರಂ ಅವರು, ಹಳ್ಳಿಯಲ್ಲಿ ತರಕಾರಿ ಮಾರುವ ಬಡ ಹೆಂಗಸಿನ ಹತ್ತಿರ ಆಲೂಗಡ್ಡೆ, ಟೊಮೆಟೊ ಕೊಂಡು ಕಾರ್ಡ್ ಕೊಟ್ಟರೆ ಆಕೆ ಏನು ಮಾಡಬೇಕು, ಮಷೀನ್ ಇದೆಯಾ, ಇಂಟರ್ನೆಟ್ ಇದೆಯಾ ಎಂದು ಲೇವಡಿ ಮಾಡಿದ್ದರು. ಯುಪಿಐ ಬೆಳೆದ ಮೇಲೆ ಬಿಜೆಪಿಯವರು ಆ ತುಣುಕನ್ನು ತಿರುಗಿಸಿ ತಿರುಗಿಸಿ ಹಾಕಿದರು. ನೋಡಿ, ತರಕಾರಿ ಗಾಡಿಗೂ ಸ್ಕ್ಯಾನರ್ ಬಂತು ಅಂತ. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಬಂದ ಕೇಂದ್ರದ ಪಿಎಂ ಸ್ವನಿಧಿ ಸಾಲ ಯೋಜನೆಯಲ್ಲಿ ಡಿಜಿಟಲ್ ವಹಿವಾಟು ಮಾಡಿದರೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಕೂಡ ಇತ್ತು. ಅಂದರೆ ಸ್ಕ್ಯಾನರ್ ಇಟ್ಟುಕೊಳ್ಳಿ ಎಂದು ಒಂದು ಸರ್ಕಾರ ನೂರು ರೂಪಾಯಿ ಕೊಟ್ಟಿತು, ಇಟ್ಟುಕೊಂಡಿದ್ದೀರಲ್ಲ ಎಂದು ಇನ್ನೊಂದು ಸರ್ಕಾರ ಲಕ್ಷ ಕೇಳಿತು. ತರಕಾರಿಯವರ ಕೈಲಿ ಡಿಜಿಟಲ್ ಆಗಲ್ಲ ಎಂದಿದ್ದ ಪಕ್ಷದ ಸರ್ಕಾರವೇ ಡಿಜಿಟಲ್ ಲೆಕ್ಕ ಹಿಡಿದು ತರಕಾರಿಯವರ ಬಾಗಿಲಿಗೆ ಬಂತು. ಡಿಜಿಟಲ್ ಇಂಡಿಯಾ ಎಂದು ಕುಣಿದ ಪಕ್ಷದವರು ‘ಓನ್ಲಿ ಕ್ಯಾಶ್’ ಬೋರ್ಡಿನ ಪಕ್ಕ ನಿಂತು ವ್ಯಾಪಾರಿಗಳ ಪರ ಕೂಗಿದರು.

ಆಮೇಲೆ ‘ನಂದಲ್ಲ, ನಿಂದು’ ಶುರುವಾಯಿತು. ಜಿಎಸ್‌ಟಿ ತಂದದ್ದು ಕೇಂದ್ರ, ನಿಯಮ ಮಾಡೋದು ಜಿಎಸ್‌ಟಿ ಮಂಡಳಿ ಎಂದು ಕಾಂಗ್ರೆಸ್ ನಾಯಕರು ಹೇಳಿದರು. ನೋಟಿಸ್ ಕೊಟ್ಟದ್ದು ರಾಜ್ಯದ ಇಲಾಖೆ, ನಮಗೂ ಅದಕ್ಕೂ ಸಂಬಂಧ ಇಲ್ಲ ಎಂದು ಕೇಂದ್ರ ಸಚಿವ ಪ್ರಲ್ಹಾದ್ ಜೋಶಿ ಹೇಳಿದರು. ಗ್ಯಾರಂಟಿಗೆ ದುಡ್ಡಿಲ್ಲದೆ ಬೀಡಾ ಅಂಗಡಿಗೆ ಕೈ ಹಾಕಿದ್ದಾರೆ ಎಂದು ವಿರೋಧ ಪಕ್ಷ. ರಾಜ್ಯಕ್ಕೆ ಬರಬೇಕಾದ ಪಾಲನ್ನು ಕೇಂದ್ರ ಕೊಡುತ್ತಿಲ್ಲ ಎಂದು ಆಡಳಿತ ಪಕ್ಷ. ಈ ಗದ್ದಲದಲ್ಲಿ ಒಂದು ಸಣ್ಣ ವಿಷಯ ಮರೆಯಾಯಿತು. ಆ ಶೇ 18ರಲ್ಲಿ ಒಂಬತ್ತು ಕೇಂದ್ರಕ್ಕೆ, ಒಂಬತ್ತು ರಾಜ್ಯಕ್ಕೆ. ಜಗಳ ಆಡುತ್ತಿದ್ದ ಇಬ್ಬರದೂ ಒಂದೇ ಹುಂಡಿ. ಕೇಂದ್ರ ಹಣಕಾಸು ಸಚಿವೆ ರಾಜ್ಯಸಭೆಗೆ ಹೋಗಿರೋದು ಕರ್ನಾಟಕದಿಂದ, ರಾಜ್ಯದ ಹಣಕಾಸು ಖಾತೆ ಇದ್ದದ್ದು ಮುಖ್ಯಮಂತ್ರಿಯ ಹತ್ತಿರವೇ, ಹಾಗಾಗಿ ಯಾರನ್ನು ಕೇಳಬೇಕು ಅನ್ನೋ ಗೊಂದಲಕ್ಕೆ ಜಾಗವೇ ಇರಲಿಲ್ಲ. ಆದರೂ ಗೊಂದಲ ಮಾಡಿಕೊಂಡೆವು.

ಆಗಿನ ತೆರಿಗೆ ಪಟ್ಟಿ ನೋಡಿದರೆ ಯಂತ್ರದ ಮೇಲೆ ಸಿಟ್ಟು ಇಳಿಯುತ್ತದೆ. ಮನುಷ್ಯರೇ ನಿರ್ಧಾರ ಮಾಡೋಕೆ ಆಗದ ಪಟ್ಟಿ ಅದು. ಹಾಲಿನ ಪ್ಯಾಕೆಟ್ಟಿಗೆ ತೆರಿಗೆ ಇಲ್ಲ, ಅದೇ ಹಾಲಿಗೆ ಹೆಪ್ಪು ಹಾಕಿ ಪ್ಯಾಕೆಟ್ ಮಾಡಿದರೆ 2022ರ ಜುಲೈಯಿಂದ ಶೇ 5. ಪರೋಟ ರೊಟ್ಟಿಯ ಜಾತಿಗೆ ಸೇರುತ್ತದಾ ಎಂದು ಬೆಂಗಳೂರಿನ ಕಂಪನಿಯೊಂದು ಕೇಳಿದಾಗ 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಪ್ರಾಧಿಕಾರವೇ ಕೂತು, ಯೋಚಿಸಿ, ಸೇರೋದಿಲ್ಲ, ಶೇ 18 ಎಂದಿತ್ತು. 2024ರ ಡಿಸೆಂಬರಿನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಪಾಪ್‌ಕಾರ್ನ್‌ಗೆ ಮೂರು ದರ ವಿವರಿಸಿತು. ಉಪ್ಪು ಖಾರ ಹಾಕಿ ಬಿಡಿಯಾಗಿ ಕೊಟ್ಟರೆ 5, ಪ್ಯಾಕೆಟ್ಟಿಗೆ ಹಾಕಿದರೆ 12, ಸಕ್ಕರೆ ಪಾಕ ಬಳಿದರೆ 18. ಬನ್ನಿಗೆ ತೆರಿಗೆ ಇಲ್ಲ, ಒಳಗೆ ಕ್ರೀಮ್ ಹಾಕಿದರೆ 18, ಅದಕ್ಕೆ ಗಿರಾಕಿಗಳು ಎರಡನ್ನೂ ಬೇರೆ ಬೇರೆ ಕೊಡಿ, ನಾವೇ ಹಚ್ಚಿಕೊಳ್ಳುತ್ತೇವೆ ಅನ್ನುತ್ತಾರೆ ಎಂದು ಕೊಯಮತ್ತೂರಿನ ಹೋಟೆಲ್ ಮಾಲೀಕರೊಬ್ಬರು ಹಣಕಾಸು ಸಚಿವೆಯ ಎದುರೇ ಹೇಳಿದ್ದರು. ಸಭೆಯಲ್ಲಿ ಎಲ್ಲರೂ ನಕ್ಕರು. ಆಮೇಲೆ ಆ ಮಾಲೀಕರು ಸಚಿವೆಯ ಹತ್ತಿರ ಕ್ಷಮೆ ಕೇಳುವ ವಿಡಿಯೊ ಹೊರಗೆ ಬಂತು. ಈ ಪಟ್ಟಿಯನ್ನು ಖಾರಾ ಬನ್ನು, ಆಲೂ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್ ಎಲ್ಲ ಮಾರುವ ಅಯ್ಯಂಗಾರ್ ಬೇಕರಿಗೆ ಅನ್ವಯಿಸಿ ನಾಲ್ಕು ವರ್ಷದ ಲೆಕ್ಕ ತೆಗೆಯಿರಿ ಎಂದು ಯಾವ ಎಐಗೆ ಹೇಳಿದರೂ ಅದು ರಾಜೀನಾಮೆ ಕೊಡುತ್ತದೆ.

ವ್ಯಾಪಾರಿಗಳು ಕಪ್ಪು ಪಟ್ಟಿ ಕಟ್ಟಿಕೊಂಡರು, ಹಾಲು ಮಾರೋದಿಲ್ಲ ಎಂದರು, ಜುಲೈ 25ಕ್ಕೆ ಬಂದ್ ಎಂದರು. 23ರಂದು ಸಿದ್ದರಾಮಯ್ಯ ಸಭೆ ಕರೆದು ಹಳೇ ಬಾಕಿ ಕೇಳೋದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದರು, ಬಂದ್ ವಾಪಸ್ ಆಯಿತು. ಈ ನಡುವೆ ಇಲಾಖೆ ‘ಜಿಎಸ್‌ಟಿ ತಿಳಿಯಿರಿ’ ಎಂಬ ಜಾಗೃತಿ ಅಭಿಯಾನ ನಡೆಸಿತು. ಮೊದಲು ಪರೀಕ್ಷೆ, ಫೇಲ್ ಎಂದು ಫಲಿತಾಂಶ, ಆಮೇಲೆ ಪಾಠ. ಸೆಪ್ಟೆಂಬರ್ 22ರಿಂದ ದೆಹಲಿಯವರು ದರ ಇಳಿಸಿದರು, ಪರೋಟಕ್ಕೂ ಕೊನೆಗೆ ಶೂನ್ಯ ತೆರಿಗೆ ಸಿಕ್ಕಿತು. ಕೇಂದ್ರ ಅದನ್ನು ಉಳಿತಾಯದ ಉತ್ಸವ ಎಂದಿತು, ರಾಜ್ಯ ವರಮಾನ ಖೋತಾ ಎಂದಿತು. ಎಂಟು ವರ್ಷ ಹೆಚ್ಚಿಗೆ ವಸೂಲಿ ಮಾಡಿದ್ದು ಯಾರ ಉತ್ಸವವೋ.

ಯುಪಿಐಗೆ ಏನೂ ಆಗಲಿಲ್ಲ. 2025ರ ಆಗಸ್ಟ್ ತಿಂಗಳೊಂದರಲ್ಲೇ ದೇಶದಲ್ಲಿ 2000 ಕೋಟಿಗೂ ಹೆಚ್ಚು ಸಲ ದುಡ್ಡು ಆ ಕಡೆ ಈ ಕಡೆ ಹೋಯಿತು. ರಟ್ಟಿನ ಬೋರ್ಡುಗಳು ಮೆಲ್ಲಗೆ ಇಳಿದವು, ಗಿರಾಕಿ ಹತ್ತಿರ ಕ್ಯಾಶ್ ಇಲ್ಲದಿದ್ದರೆ ಅಂಗಡಿಯವರಾದರೂ ಎಷ್ಟು ದಿನ ಹಟ ಹಿಡಿಯುತ್ತಾರೆ? ಆದರೆ ಅವರೂ ಪಾಠ ಕಲಿತಿದ್ದಾರೆ, ಅಭಿಯಾನದವರು ಹೇಳಿಕೊಟ್ಟದ್ದಲ್ಲ, ಬೇರೆಯದು. ಕೆಲವು ಅಂಗಡಿಗಳಲ್ಲಿ ಈಗ ಒಂದರ ಪಕ್ಕ ಒಂದು ಎರಡು ಮೂರು ಸ್ಕ್ಯಾನರ್. ಒಂದಕ್ಕೆ ಫೋನ್ ಹಿಡಿದರೆ ಒಳಗಿಂದ ಕೂಗು ಬರುತ್ತದೆ: ‘ಸಾರ್, ಅದಕ್ಕೆ ಬೇಡ, ನಂದು ಈ ವರ್ಷದ್ದು ತುಂಬ್ತಾ ಬಂತು. ಆ ಕಡೇದು ಅಮ್ಮಂದು, ಅದಕ್ಕೆ ಹಾಕಿ!’