ಬಾಗಿಲಿಗೆ ಟೇಪು, ಭಾವನಿಗೆ ಮೂರಕ್ಷರ

ಚಿತ್ರದುರ್ಗದ ಹೊರಗೆ ಹೈವೇ ಕ್ರಾಸಿನಲ್ಲಿ ನಮ್ಮ ಭಾವನ ಕಾರಿಗೆ ಲಾರಿ ಗುದ್ದಿತು. ಭಾವ ಆಸ್ಪತ್ರೆ ಸೇರುವ ಮೊದಲೇ ವಿಡಿಯೊ ಹೊಳಲ್ಕೆರೆಯ ಅತ್ತೆಯ ಮೊಬೈಲಿಗೆ ಬಂದಿತ್ತು.

ಎಮರ್ಜೆನ್ಸಿಯಲ್ಲಿ ಡಾಕ್ಟರು ಕೇಳಿದ್ದು ಮೂರೇ ಮಾತು. ಯಾವ ಕಡೆ ಗುದ್ದಿತು? ಬಾಗಿಲು ಎಷ್ಟು ಒಳಗೆ ಬಂದಿತ್ತು? ಬೆಲ್ಟ್ ಹಾಕಿದ್ದರಾ?

ಜೊತೆಗೆ ಬಂದಿದ್ದ ಹದಿನೈದು ಜನ ಮುಖ ಮುಖ ನೋಡಿಕೊಂಡರು.

“ಗಾಡಿ ಇನ್ನೂ ಲೋನಾಗೈತೆ ಸಾರ್,” ಅಂದ ಒಬ್ಬ.

“ತಪ್ಪು ಲಾರಿಯವನ್ದೇ.”

“ಬೆಲ್ಟ್ ಹಾಕಿದ್ರು ಅಂತ್ಲೇ ಬರ್ಕೊಳಿ ಸಾರ್, ಇನ್ಶೂರೆನ್ಸಿಗೆ ಬೇಕಾಗ್ತದೆ.”

ಪಾಪ, ಡಾಕ್ಟರು ತೀರ್ಪು ಕೊಡಲು ಕೂತಿರಲಿಲ್ಲ. ಬಲಗಡೆ ಗುದ್ದಿದ್ದರೆ ಲಿವರ್ ನೋಡಬೇಕು, ಎಡಗಡೆ ಆದರೆ ಗುಲ್ಮ. ಹೊಟ್ಟೆಯ ಮೇಲೆ ಬೆಲ್ಟಿನ ಬರೆ ಎದ್ದಿದ್ದರೆ ಒಳಗೆ ಕರುಳು ಹರಿದಿರಬಹುದು, ಮೊದಲ ದಿನ ಗೊತ್ತೇ ಆಗದೆ. ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದಿದ್ದರೆ ಸೊಂಟದ ಕೀಲು ಜಾರಿರಬಹುದು. ಹೊರಗೆ ಒಂದು ಗೀರೂ ಇಲ್ಲದೆ ಒಳಗೆ ರಕ್ತ ಸುರಿಯುತ್ತಿರಬಹುದು.

ಪಕ್ಕದ ಮಂಚದ ಹುಡುಗ ‘ಬಚ್ಚಲಲ್ಲಿ ಜಾರಿ ಬಿದ್ದವನು’. ಮೊಣಕೈಯಲ್ಲಿ ರಸ್ತೆಯ ಜಲ್ಲಿ ಇನ್ನೂ ಸಿಕ್ಕಿಕೊಂಡಿತ್ತು. ಎಮ್ಮೆಲ್ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಮೆಡಿಕೊ-ಲೀಗಲ್ ಕೇಸು, ಆದರೆ ಪೊಲೀಸು, ಕೋರ್ಟು ಅಂತ ಭಯ, ಅಲ್ವಾ? ಹಾಗಾಗಿ ನಮ್ಮ ಕಡೆ ಎಷ್ಟೋ ಬೈಕುಗಳು ಬಚ್ಚಲಲ್ಲೇ ಓಡುತ್ತವೆ. ಗಾಯಾಳುವನ್ನು ಕರೆತಂದವರ ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮಿನಡಿ 2020ರಲ್ಲೇ ನಿಯಮ ಬಂದಿದೆ. ಆದರೂ ಕಣ್ಣಾರೆ ಕಂಡವರು ಗೇಟಿನಲ್ಲೇ ಮಾಯ. ಅವರ ವಿಡಿಯೊ ಮಾತ್ರ ಊರೂರು ಸುತ್ತುತ್ತದೆ.

ಕೊನೆಗೆ ಭಾವನ ಚೀಟಿಯಲ್ಲಿ ಮೂರಕ್ಷರ ಬಿತ್ತು: ಆರ್‌ಟಿಎ. ಅಂದರೆ ರಸ್ತೆ ಅಪಘಾತ. ಅಷ್ಟೇ ಕಥೆ.

ಮೂರನೇ ದಿನ ಇನ್ಶೂರೆನ್ಸ್ ಸರ್ವೇಯರ್ ಗ್ಯಾರೇಜಿಗೆ ಬಂದರು. ಬಾಗಿಲಿಗೆ ಟೇಪು ಹಿಡಿದರು. ಹದಿನಾಲ್ಕು ಇಂಚು ಒಳಗೆ. ಹದಿನೆಂಟು ಫೋಟೊ, ಹನ್ನೊಂದು ಪುಟದ ವರದಿ. ಅಮೆರಿಕದಲ್ಲಾದರೆ, ಕಾರಿನಲ್ಲಿ ಜನ ಕೂತ ಕಡೆ ಹನ್ನೆರಡು ಇಂಚಿಗಿಂತ ಜಾಸ್ತಿ ಒಳಗೆ ಬಂದಿದ್ದರೆ ಸಾಧ್ಯವಾದಷ್ಟೂ ಟ್ರಾಮಾ ಆಸ್ಪತ್ರೆಗೇ ಒಯ್ಯುವುದು ಒಳ್ಳೆಯದು ಅಂತ ಆಂಬುಲೆನ್ಸಿನವರಿಗೆ ಸೂಚನೆ ಇದೆ. ನಮ್ಮಲ್ಲಿ ಆ ಇಂಚು ಹೊಸ ಬಾಗಿಲಿನ ರೇಟು ಹೇಳುತ್ತದೆ.

ಅಲ್ಲಿಂದ ಸರ್ವೇಯರ್ ವಾರ್ಡಿಗೂ ಬಂದರು. “ಎಲ್ಲಿ ಗುದ್ದಿದ್ದು, ಸ್ವಲ್ಪ ವಿವರವಾಗಿ ಹೇಳ್ರಿ.”

ಹದಿನೈದೂ ಜನ ಒಟ್ಟಿಗೇ ಬಾಯಿ ತೆರೆದರು. ಒಬ್ಬ ಡಿಸ್ಚಾರ್ಜ್ ಚೀಟಿಯ ಹಿಂದೆ ನಕ್ಷೆ ಬರೆಯತೊಡಗಿದ.